ರಾತ್ರಿ 9ಕ್ಕೆ ಇಂಟರ್ನೆಟ್ ಬಂದ್: ಬೀಗ ಹಾಕುವುದು ಹೇಗೆ, ಸೋರುವುದು ಎಲ್ಲಿ?

ಅಮ್ಮನ ಬ್ಯಾಂಕ್ ಕೆಲಸ, ಮಗಳ ಹೋಂವರ್ಕ್, ಮಗನ ಗೇಮ್ ಎಲ್ಲಕ್ಕೂ ಒಂದೇ ಲ್ಯಾಪ್‌ಟಾಪ್ ಇರುವ ಮನೆಯಲ್ಲಿ ಮೊದಲು ಬೇರೆ ಮಾಡಬೇಕಾದದ್ದು ಖಾತೆ. ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಮಕ್ಕಳಿಗೆ ಹೊಸ ಖಾತೆ ತೆರೆದು ಅದನ್ನು ‘ಸ್ಟ್ಯಾಂಡರ್ಡ್’ ಆಗಿಯೇ ಉಳಿಸಿ. ‘ಅಡ್ಮಿನಿಸ್ಟ್ರೇಟರ್’ ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇರಲಿ. ಇದೊಂದು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ, ನೀವು ಬದಲಿಸಿದ್ದನ್ನು ಅವರು ಮತ್ತೆ ಬದಲಿಸುತ್ತಾರೆ.

ಇನ್ನು ರೂಟರ್, ಅಂದರೆ ಮನೆಗೆ ವೈಫೈ ಕೊಡುವ ಡಬ್ಬ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಟೈಪ್ ಮಾಡಿ, ಅದರ ಸೆಟ್ಟಿಂಗ್ ಪುಟ ತೆರೆಯುತ್ತದೆ. ಮೊದಲ ಪಾಸ್‌ವರ್ಡ್ ಸಾಮಾನ್ಯವಾಗಿ ಡಬ್ಬದ ಅಡಿಯ ಸ್ಟಿಕರ್‌ನಲ್ಲೇ ಇರುತ್ತದೆ. ಮಕ್ಕಳಿಗೂ ಅದು ಕಾಣುತ್ತದೆ, ಆದ್ದರಿಂದ ಕೂಡಲೇ ಬದಲಿಸಿ. ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗಕ್ಕೆ 1.1.1.3 ಮತ್ತು 1.0.0.3 ಹಾಕಿ. ಇದು ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ, ಅಶ್ಲೀಲ ಮತ್ತು ವೈರಸ್ ತಾಣಗಳನ್ನು ತಡೆಯುತ್ತದೆ. ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಚಾಲ್ತಿಯಲ್ಲಿದ್ದರೆ ಅಲ್ಲಿಯೂ 2606:4700:4700::1113 ಹಾಕಬೇಕು. ಇಲ್ಲದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಕೆಲವು ಇಂಟರ್ನೆಟ್ ಕಂಪನಿಗಳು ಕೊಟ್ಟ ರೂಟರ್ ಈ ಬದಲಾವಣೆಗೆ ಬಿಡುವುದಿಲ್ಲ. ಆಗ ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗ್‌ನಲ್ಲೇ ಹಾಕಿ.

ರೂಟರಿನ ‘ಪೇರೆಂಟಲ್ ಕಂಟ್ರೋಲ್’ ಪುಟದಲ್ಲಿ ಮಕ್ಕಳ ಸಾಧನ ಆರಿಸಿ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಎಂದು ಕೊಡಿ. ಎಲ್ಲ ಸರಿ ಇದ್ದೂ ಕೆಲಸ ಮಾಡದಿದ್ದರೆ ರೂಟರಿನ ಗಡಿಯಾರ ನೋಡಿ. ಟೈಮ್‌ಝೋನ್ +5:30 ಇರಬೇಕು. ಅದು 0 ಆಗಿದ್ದರೆ ನಿಮ್ಮ 9 ಗಂಟೆಯ ಬೀಗ ಬೀಳುವುದು ನಡುರಾತ್ರಿ 2:30ಕ್ಕೆ!

ಫೋನಿನದ್ದು ಇನ್ನೊಂದು ತಕರಾರು. ರೂಟರ್ ಸಾಧನವನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ, ಅಂದರೆ ಪ್ರತಿ ಸಾಧನದ ವೈಫೈಗೆ ಇರುವ ಗುರುತಿನ ಸಂಖ್ಯೆಯಿಂದ. ಈಗಿನ ಆಂಡ್ರಾಯ್ಡ್, ಐಫೋನ್‌ಗಳು ವೈಫೈಗೆ ನಕಲಿ ವಿಳಾಸ ತೋರಿಸುತ್ತವೆ. ಮನೆಯ ವೈಫೈ ಹೆಸರಿನ ಸೆಟ್ಟಿಂಗ್ ತೆರೆದು, ಆಂಡ್ರಾಯ್ಡ್‌ನಲ್ಲಾದರೆ ಪ್ರೈವಸಿಯಲ್ಲಿ ಫೋನಿನ ಅಸಲಿ ಮ್ಯಾಕ್ ಆರಿಸಿ, ಐಫೋನ್‌ನಲ್ಲಾದರೆ ‘ಪ್ರೈವೇಟ್ ವೈಫೈ ಅಡ್ರೆಸ್’ ಆಫ್ ಮಾಡಿ.

ಹೆಚ್ಚು ಸೋರುವುದು ಮಾತ್ರ ಹಾಟ್‌ಸ್ಪಾಟ್‌ನಲ್ಲಿ. ಅಜ್ಜಿಯ ಫೋನಿನ ದಿನದ 1.5 ಜಿಬಿ ಸಂಜೆಯೊಳಗೇ ಮುಗಿಯುತ್ತಿದ್ದರೆ ಕಾರಣ ಅವರು ಕೇಳುವ ಭಜನೆಯಲ್ಲ. ಮನೆಯವರೆಲ್ಲರ ಹಾಟ್‌ಸ್ಪಾಟ್ ಪಾಸ್‌ವರ್ಡ್ ಬದಲಿಸಿ, ಫೋನಿಗೆ ಲಾಕ್ ಹಾಕಿ. ಅಪಾರ್ಟ್‌ಮೆಂಟ್ ಆದರೆ ಪಕ್ಕದ ಫ್ಲ್ಯಾಟಿನ ವೈಫೈ ಹೆಸರು ಲ್ಯಾಪ್‌ಟಾಪಿನಲ್ಲಿ ಉಳಿದಿದೆಯೇ ನೋಡಿ, ಇದ್ದರೆ ‘ಫರ್ಗೆಟ್’ ಒತ್ತಿ.

ಇಷ್ಟಾದ ಮೇಲೆ 9:05ಕ್ಕೆ ಪರೀಕ್ಷಿಸಿ. ಆಗಲೇ ಓಡುತ್ತಿರುವ ವಿಡಿಯೊ ಬಫರ್‌ನಿಂದ (ಮೊದಲೇ ಇಳಿಸಿಕೊಂಡ ಭಾಗದಿಂದ) ಸ್ವಲ್ಪ ಹೊತ್ತು ನಡೆಯಬಹುದು, ಅದನ್ನು ನಂಬಬೇಡಿ. ಅದುವರೆಗೆ ತೆರೆಯದ ಹೊಸ ಪುಟವೊಂದನ್ನು ತೆರೆದು ನೋಡಿ.