ಶಾಲೆಯಲ್ಲಿ ಮಕ್ಕಳ ಕಣ್ಣು ಪರೀಕ್ಷೆ: ಊರವರೇ ಸೇರಿ ಮಾಡುವುದು ಹೇಗೆ?

ಶಾಲೆಯ ಕಣ್ಣಿನ ಶಿಬಿರ ಹೇಗಿರುತ್ತೆ ಅಂತ ಗೊತ್ತಲ್ವಾ? ಶಾಮಿಯಾನ, ಹಾರ, ಭಾಷಣ. ಅಷ್ಟರಲ್ಲಿ ಬಿಸಿಯೂಟದ ಬೆಲ್. ಉಳಿದ ಅರ್ಧ ಗಂಟೆಯಲ್ಲಿ ಇಡೀ ಶಾಲೆಯ ಕಣ್ಣು ನೋಡಿ ಮುಗಿಸುತ್ತಾರೆ. ಮೊದಲ ಸುತ್ತಿಗೆ ಡಾಕ್ಟರೇ ಬೇಕಿಲ್ಲ, ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲೂ ಮೊದಲು ನೋಡುವವರು ಮೇಷ್ಟ್ರುಗಳೇ.

1. ಜನ ಸೇರಿಸಿ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು), ಆಶಾ ಕಾರ್ಯಕರ್ತೆ, ಬಿಡುವಿರುವ ನಾಲ್ಕಾರು ತಾಯಂದಿರು ಸಾಕು.

2. ‘ಇ’ ಚಾರ್ಟ್ ತನ್ನಿ. ಇಂಗ್ಲಿಷ್‌ನ ಇ ಅಕ್ಷರದ ಕಾಲು ಯಾವ ಕಡೆ ಇದೆ ಅಂತ ಮಗು ಕೈಯಲ್ಲಿ ತೋರಿಸಿದರಾಯಿತು, ಓದಲು ಬರಬೇಕಿಲ್ಲ. ಮೊಬೈಲ್‌ನಲ್ಲಿ ಸಿಕ್ಕಿದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬೇಡಿ, ಅಳತೆ ಕೆಡುತ್ತದೆ. 6/9 ಸಾಲಿನ (ಚೆನ್ನಾಗಿ ಕಾಣುವ ಕಣ್ಣು 9 ಮೀಟರ್ ದೂರದಿಂದಲೂ ಗುರುತಿಸುವ ಸಾಲು) ಅಕ್ಷರ ಸುಮಾರು 13 ಮಿ.ಮೀ. ಎತ್ತರ ಇರಬೇಕು. ಸ್ಕೇಲ್ ಇಟ್ಟು ನೋಡಿ.

3. ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ. ಚಾರ್ಟ್‌ನಿಂದ 6 ಮೀಟರ್, ಅಂದರೆ ಸುಮಾರು 20 ಅಡಿ, ಟೇಪ್ ಹಿಡಿದು ಅಳೆದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಹೆಜ್ಜೆ ಲೆಕ್ಕ ಬೇಡ. ಚಾರ್ಟ್ ಮಗುವಿನ ಕಣ್ಣಿನ ಎತ್ತರಕ್ಕಿರಲಿ, ಅದರ ಮೇಲೆ ಬೆಳಕು ಬೀಳಲಿ, ಹಿಂದೆ ಕಿಟಕಿ ಇರಬಾರದು. ಒಂದೊಂದೇ ಕಣ್ಣು ನೋಡಬೇಕು. ಎರಡೂ ಕಣ್ಣು ಬಿಟ್ಟು ಓದಿಸಿದರೆ ಒಂದು ಕಣ್ಣು ಮಂಜಾಗಿದ್ದರೂ ಗೊತ್ತೇ ಆಗಲ್ಲ. ಬೆರಳಲ್ಲಿ ಕಣ್ಣು ಮುಚ್ಚಲು ಹೇಳಿದರೆ ಮಕ್ಕಳು ಸಂದಿಯಲ್ಲಿ ಇಣುಕುತ್ತಾರೆ, ಇಲ್ಲ ಜೋರಾಗಿ ಒತ್ತಿಕೊಂಡು ಆ ಕಣ್ಣಿನ ಸರದಿ ಬಂದಾಗ ಎಲ್ಲ ಮಬ್ಬು ಅನ್ನುತ್ತಾರೆ. ಅದಕ್ಕೇ ನನ್ನ ಆಯ್ಕೆ ಹಳೇ ಲಗ್ನಪತ್ರಿಕೆಯ ರಟ್ಟು. ಅದನ್ನೂ ಮಗುವಿನ ಕೈಗೆ ಕೊಡದೆ ಪಕ್ಕದಲ್ಲಿ ನಿಂತ ದೊಡ್ಡವರು ಹಿಡಿಯಬೇಕು, ಮಗು ಕಣ್ಣು ಕಿರಿದು ಮಾಡುತ್ತಿದೆಯಾ, ಕತ್ತು ಓರೆ ಮಾಡುತ್ತಿದೆಯಾ ಅಂತ ಗಮನಿಸಬೇಕು. ಕ್ಯೂನಲ್ಲಿ ನಿಂತವರು ‘ಮೇಲೆ, ಕೆಳಗೆ, ಎಡ’ ಅಂತ ಬಾಯಿಪಾಠ ಮಾಡಿಬಿಡುತ್ತಾರೆ! ಹಾಗಾಗಿ ಕ್ಯೂ ಕೋಣೆಯ ಹೊರಗಿರಲಿ. ಕನ್ನಡಕ ಇರುವ ಮಗುವಿಗೆ ಹಾಕಿಸಿಯೇ ನೋಡಿ. ಒಂದೇ ಕಣ್ಣಲ್ಲಾದರೂ 6/9 ಸಾಲು ತಪ್ಪಿದರೆ ಹೆಸರು ಬರೆದುಕೊಳ್ಳಿ. ಮೆಳ್ಳೆಗಣ್ಣಿದ್ದರೆ ಚಾರ್ಟ್ ಓದಿದರೂ ಬರೆದುಕೊಳ್ಳಿ, ತಡವಾದಷ್ಟೂ ಆ ಕಣ್ಣಿನ ನೋಟ ಸೋಮಾರಿಯಾಗುತ್ತಾ ಹೋಗುತ್ತದೆ.

4. ಆಸ್ಪತ್ರೆಗೆ ಕಳಿಸಿ. ಚೀಟಿ ಕೊಟ್ಟು ಸುಮ್ನಾದರೆ ಅದು ಬ್ಯಾಗಿನಲ್ಲೇ ಹರಿದುಹೋಗುತ್ತದೆ. ಅಪ್ಪ ಅಮ್ಮ ಒಂದು ದಿನದ ಕೂಲಿ ಬಿಡಬೇಕಲ್ಲ? ಬ್ಯಾನರ್‌ಗೆ ಹಾಕುವ ದುಡ್ಡಿನಲ್ಲಿ ಟೆಂಪೋ ಮಾಡಿ, ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ಸಿಗುವ ದಿನ ಕೇಳಿಕೊಂಡು ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯಿರಿ. ಅಲ್ಲಿ ಪರೀಕ್ಷೆಗೆ ಅಂತ ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಅವತ್ತು ಹತ್ತಿರದ್ದು ಮಂಜಾಗುತ್ತದೆ, ಬೆಳಕು ಚುಚ್ಚುತ್ತದೆ. ಮನೆಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಸಂಜೆ ಶಾಲೆ ಮುಂದೆ ಗಲಾಟೆ. ನಂಬರ್ ಇಳಿಸುತ್ತೇವೆ ಅಂತ ಮಾರುವ ಡ್ರಾಪ್ಸ್ ಮಾತ್ರ ಬೇಡವೇ ಬೇಡ. ಕ್ಯಾರೆಟ್ ತಿನ್ನಲಿ, ಒಳ್ಳೆಯದೇ, ಆದರೆ ನಂಬರ್ ಹೋಗಲ್ಲ.

5. ಕನ್ನಡಕ. ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತದೆ. ಫ್ರೇಮ್ ಮಗುವೇ ಆರಿಸಲಿ, ಮೂಗಿನಿಂದ ಜಾರುವಂಥದ್ದು ವಾರದಲ್ಲಿ ಪೆಟ್ಟಿಗೆ ಸೇರುತ್ತದೆ. ಹೆಣ್ಣುಮಕ್ಕಳ ಮನೆಯಲ್ಲಿ ‘ಮುಂದೆ ಮದುವೆಗೆ ತೊಂದರೆ’ ಅನ್ನುವ ಅಜ್ಜಿ ಇದ್ದೇ ಇರುತ್ತಾರೆ, ಅವರ ಹತ್ತಿರ ಆಶಾ ಅಕ್ಕನೇ ಮಾತಾಡಲಿ. ಕ್ಲಾಸಿನಲ್ಲಿ ‘ಸೋಡಾಬುಡ್ಡಿ’ ಅನ್ನುವವರನ್ನು ಟೀಚರ್ ಮೊದಲ ದಿನವೇ ತಡೆಯಬೇಕು. ತಿಂಗಳ ನಂತರ ಹೇಳದೆ ಕೇಳದೆ ಕ್ಲಾಸಿಗೆ ಹೋಗಿ, ಯಾರ ಕನ್ನಡಕ ಮುಖದ ಮೇಲಿದೆ, ಯಾರದ್ದು ಬ್ಯಾಗಿನಲ್ಲಿದೆ ಅಂತ ನೋಡಿ ಪಟ್ಟಿಯಲ್ಲಿ ಗುರುತು ಹಾಕಿ. ಮುಂದಿನ ವರ್ಷ ಈ ಪಟ್ಟಿಯ ಮಕ್ಕಳನ್ನೇ ಮೊದಲು ನೋಡಿ, ಬೆಳೆಯುವ ಮಕ್ಕಳ ನಂಬರ್ ಬದಲಾಗುತ್ತಿರುತ್ತದೆ.