ಐರ್ಲೆಂಡಿನ ಹಳೆಯ ಐಸ್ ಶೀಟ್ ಎಲ್ಲಿಯವರೆಗೆ ಹಬ್ಬಿತ್ತು? ನಾನು ಅಂಚು ಹುಡುಕಿದ ಬಗೆ

ಐರ್ಲೆಂಡಿನ ದಕ್ಷಿಣದಲ್ಲಿ ಮೊರೇನ್ ದಿಣ್ಣೆಗಳ, ಅಂದರೆ ಐಸ್ ಹೊತ್ತು ತಂದು ಪೇರಿಸಿದ ಕಲ್ಲು-ಮಣ್ಣಿನ ದಿಬ್ಬಗಳ, ಒಂದು ಸಾಲಿದೆ. ಕಳೆದ ಹಿಮಯುಗದ ಐಸ್ ಅಲ್ಲಿಗೇ ನಿಂತಿತ್ತು ಎಂದು ಎಷ್ಟೋ ದಶಕ ನಂಬಿದ್ದರು. ಈಗ ಯಾರೂ ಹಾಗೆ ಹೇಳಲ್ಲ. ಐಸ್ ದ್ವೀಪವನ್ನು ದಾಟಿ ಸಮುದ್ರಕ್ಕೂ ಇಳಿದಿತ್ತು. ಹಾಗಾಗಿ ಪಶ್ಚಿಮ ಕರಾವಳಿಯ ನಕ್ಷೆ ಮಾಡುವಾಗ ನಾನು ನೆಲ, ನೀರು ಎರಡನ್ನೂ ಒಟ್ಟಿಗೇ ತೆರೆದುಕೊಂಡು ಕೂತೆ.

ಮೊದಲು ದಿಕ್ಕು. ಐಸ್ ಯಾವ ಕಡೆ ಹರಿಯಿತು ಅಂತ ಗೊತ್ತಾಗದೆ ಅಂಚು ಎಲ್ಲಿತ್ತು ಅಂತ ಕೇಳಿ ಪ್ರಯೋಜನವಿಲ್ಲ. ಕಂಪ್ಯೂಟರಿನಲ್ಲಿ ಎತ್ತರದ ದತ್ತಾಂಶ ಹಾಕಿ, ಓರೆ ಬೆಳಕು ಬಿಟ್ಟು ನೆರಳಿನ ಚಿತ್ರ ಮಾಡಿದರೆ ಡ್ರಮ್ಲಿನ್ ಗುಡ್ಡಗಳು (ಐಸ್ ಹರಿದ ದಿಕ್ಕಿಗೇ ಉದ್ದವಾಗಿ ರೂಪುಗೊಂಡ ಮಣ್ಣಿನ ಗುಡ್ಡಗಳು) ಎದ್ದು ಕಾಣುತ್ತವೆ, ಆದರೆ ಬೆಳಕು ಬರುವ ದಿಕ್ಕಿಗೇ ಉದ್ದವಾಗಿ ಮಲಗಿದ ಗುಡ್ಡ ಮಾಯವಾಗಿಬಿಡುತ್ತದೆ. ಅದಕ್ಕೆ ವಾಯವ್ಯದಿಂದ ಒಮ್ಮೆ, ಈಶಾನ್ಯದಿಂದ ಒಮ್ಮೆ ಬೆಳಕು ಬಿಟ್ಟು ಎರಡೂ ಚಿತ್ರ ನೋಡಿಯೇ ಗೆರೆ ಎಳೆಯುತ್ತೇನೆ. ಮೇಯೋ ಕೌಂಟಿಯ ಕ್ಲೂ ಕೊಲ್ಲಿಯ ಪುಟ್ಟ ದ್ವೀಪಗಳೆಲ್ಲ ಮುಳುಗಿದ ಡ್ರಮ್ಲಿನ್‌ಗಳೇ. ಐಸ್ ಅಲ್ಲಿ ಪಶ್ಚಿಮಕ್ಕೆ, ಅಂದರೆ ಅಟ್ಲಾಂಟಿಕ್ ಕಡೆಗೆ ಹರಿದಿತ್ತು.

ಮುಂದಿನದು ನೀರಿನಡಿ. ಹಿಮಯುಗದ ತುತ್ತತುದಿಯಲ್ಲಿ ಜಗತ್ತಿನ ಸಮುದ್ರಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಅಲ್ವಾ? ಹಾಗಾಗಿ ಈಗಿನ ಸಮುದ್ರತಳದ ಮೇಲೂ ಐಸಿನ ಗುರುತು ಹುಡುಕಬೇಕು. ಐರ್ಲೆಂಡಿನ ಸಮುದ್ರತಳ ಅಳೆಯುವ ಇನ್ಫೋಮಾರ್ ಯೋಜನೆಯವರು ಸೋನಾರಿನಿಂದ ಅಳೆದ ತಳದ ನಕ್ಷೆ ಪುಕ್ಕಟೆಯಾಗಿ ಸಿಗುತ್ತದೆ. ಪಶ್ಚಿಮ ಕರಾವಳಿಯ ಗಾಲ್ವೇ ಆಚೆ, ದಡದಿಂದ ಎಷ್ಟೋ ದೂರದಲ್ಲಿ, ಐಸ್ ನಿಂತು ಮಣ್ಣು ಪೇರಿಸಿದ ದಿಬ್ಬಗಳು ಅದರಲ್ಲಿ ಸಾಫಾಗಿ ಕಾಣುತ್ತವೆ. ನೆಲದಲ್ಲಿ ಹೊಲ, ರಸ್ತೆ, ಮನೆ ಬಂದು ಎಲ್ಲ ಅಳಿಸಿಹೋಗಿರುತ್ತದೆ, ಆದರೆ ಅಲ್ಲಿ ಆ ತೊಂದರೆ ಇಲ್ಲ.

ಕಾಲ ತಿಳಿಯಲು ಬಂಡೆ ಬೇಕು. ಗಾಲ್ವೇ ಕೊಲ್ಲಿಯ ದಕ್ಷಿಣಕ್ಕಿರುವ ಬರೆನ್‌ನ ಸುಣ್ಣದಕಲ್ಲಿನ ಮೇಲೆ ಕೂತ ಗ್ರಾನೈಟ್ ಬಂಡೆಗಳು ನನಗೆ ತುಂಬಾ ಇಷ್ಟ. ಅವು ಕೊಲ್ಲಿಯ ಉತ್ತರ ದಡದಿಂದ ಐಸಿನ ಜೊತೆ ಬಂದಂಥವು, ಸ್ಥಳೀಯವೋ ಅಲ್ಲವೋ ಎಂಬ ಜಗಳವೇ ಇಲ್ಲ. ದೊಡ್ಡದಿರಬೇಕು, ಉರುಳಿರಬಾರದು, ಪೀಟ್ ಮಣ್ಣಿನಡಿ ಹೂತಿದ್ದ ಸುಳಿವೂ ಇರಬಾರದು. ಉಳಿ, ಸುತ್ತಿಗೆ ಹಿಡಿದು ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಕೆತ್ತುತ್ತೇನೆ. ಸುತ್ತಲಿನ ದಿಗಂತದ ಕೋನವನ್ನೂ ಬರೆದುಕೊಳ್ಳುತ್ತೇನೆ, ಏಕೆಂದರೆ ಗುಡ್ಡ ಎದ್ದಿದ್ದ ಕಡೆಯಿಂದ ಕಾಸ್ಮಿಕ್ ಕಿರಣ ಬರುವುದಿಲ್ಲ. ಆ ಕಿರಣ ಬಿದ್ದಾಗ ಬೆಣಚುಕಲ್ಲಿನೊಳಗೆ ಬೆರಿಲಿಯಂ-10 ಎಂಬ ವಿಕಿರಣಶೀಲ ಪರಮಾಣು ಹುಟ್ಟುತ್ತದೆ; ಅದು ಎಷ್ಟು ಸೇರಿದೆ ಅಂತ ಅಳೆದರೆ ಬಂಡೆ ಎಷ್ಟು ವರ್ಷದಿಂದ ಬಯಲಲ್ಲಿದೆ ಅಂತ ತಿಳಿಯುತ್ತದೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಮಿಗೆ ವರ್ಷಕ್ಕೆ ಬರೀ ನಾಲ್ಕೈದು ಪರಮಾಣು! ಪುಡಿ ಮಾಡಿ, ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆದು ಶುದ್ಧ ಬೆಣಚು ತೆಗೆಯುವ ಕೆಲಸ ಬೇಜಾರಿನದು, ಆ ಆಮ್ಲ ಅಪಾಯದ್ದು ಕೂಡ, ಒಬ್ಬರೇ ಮುಟ್ಟಬೇಡಿ.

ಒಂದು ಬಂಡೆಯ ವಯಸ್ಸನ್ನು ನಾನು ನಂಬುವುದೇ ಇಲ್ಲ. ಐಸ್ ಹೊತ್ತು ತರುವ ಮೊದಲೇ ಕಾಸ್ಮಿಕ್ ಕಿರಣಕ್ಕೆ ಒಡ್ಡಿಕೊಂಡಿದ್ದ ಬಂಡೆ ಜಾಸ್ತಿ ವಯಸ್ಸು ತೋರಿಸುತ್ತದೆ, ತಡವಾಗಿ ಮಣ್ಣಿನಿಂದ ಹೊರಬಂದದ್ದು ಕಮ್ಮಿ. ಹತ್ತಿರದ ಹಲವು ಬಂಡೆಗಳು ಒಂದೇ ಕಡೆ ಗುಂಪಾದರೆ ಸರಿ. ಅದೂ ಐಸ್ ಬಂದ ಕಾಲವಲ್ಲ, ಬಿಟ್ಟುಹೋದ ಕಾಲ.

ಕೊನೆಗೆ ಗೆರೆ ಎಳೆಯುವಾಗ, ದಿಬ್ಬವೂ ಕಾಲವೂ ಎರಡೂ ಸಿಕ್ಕ ಕಡೆ ಗಟ್ಟಿ ಗೆರೆ, ಉಳಿದಲ್ಲಿ ಚುಕ್ಕೆ ಗೆರೆ. ಇನ್ನೂ ಪಶ್ಚಿಮದ ಪಾರ್ಕ್ಯುಪೈನ್ ಬ್ಯಾಂಕ್ ಎಂಬ ಸಮುದ್ರದಡಿಯ ದಿಬ್ಬದ ತನಕ ಐಸ್ ಮುಟ್ಟಿತ್ತು ಎಂಬುದಕ್ಕೆ 2015ರಲ್ಲಿ ಸಮುದ್ರತಳದ ಪುರಾವೆ ಪ್ರಕಟವಾಯಿತು. ನನ್ನ ನಕ್ಷೆಯಲ್ಲಿ ಆ ಭಾಗ ಸದ್ಯಕ್ಕೆ ಚುಕ್ಕೆಯೇ.