ಬಿಸಿಯಾದ ಚೋಕ್ ತಂತಿ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಕಾರು ಅಪ್ಪನ ಕಾಲದ್ದು. 1089 ಸಿಸಿಯ ಸಣ್ಣ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ. ಬಳ್ಳಾರಿಯ ಬಿಸಿಲನ್ನೂ ಸಂಡೂರು ರಸ್ತೆಯ ಕೆಂಪು ದೂಳನ್ನೂ ನುಂಗಿಕೊಂಡು ಸುಮ್ಮನೆ ಓಡುತ್ತಿತ್ತು. ಸುಮ್ಮನಿರಲಾಗದವನು ನಾನು. ಎಂಜಿನ್ ಇಳಿಸಿ ಬಾನೆಟ್ಟಿನ ಒಳಗೆಲ್ಲ ದಪ್ಪ ಬಣ್ಣ ಹೊಡೆಸಿದೆ. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡೆಲ್ಕೋ ಹೊರತೆಗೆದು, ಕಿಡಿ ಎಬ್ಬಿಸುವ ಹಳೆಯ ಪಾಯಿಂಟ್ ಮತ್ತು ಕಂಡೆನ್ಸರ್ ಕಿತ್ತು, ಅವುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಕೂರಿಸಿದೆ. ಕಾಯಿಲ್, ಪ್ಲಗ್, ಪ್ಲಗ್ ವೈರ್ ಎಲ್ಲವೂ ಹೊಸದು. ಡಿಸ್ಟ್ರಿಬ್ಯೂಟರ್ ಎಂಬ ಹೆಸರು ಪುಸ್ತಕದಲ್ಲಿ ಮಾತ್ರ. ನಮ್ಮ ಗ್ಯಾರೇಜುಗಳಲ್ಲಿ ಅದು ಯಾವ ಕಂಪನಿಯದಾದರೂ ಡೆಲ್ಕೋ.

ಎಲ್ಲ ಮುಗಿಸಿ ಸೆಲ್ಫ್ ಹೊಡೆದರೆ ಎಂಜಿನ್ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಒಂದೆರಡು ಸುತ್ತು ಹೊರಳಿ ನಿಂತಿತು.

ಮೊದಲ ಎರಡು ದಿನ ನಾನು ಮಾಡಿದ್ದೆಲ್ಲ ದಂಡ. ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿದ್ದರೂ ನಂಬದೆ ಪಕ್ಕದ ಮನೆಯ ಕಾರಿನದನ್ನು ತಂದು ಜೋಡಿಸಿದೆ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಊದಿದೆ, ಫ್ಲೋಟ್ ಅಲುಗಾಡಿಸಿ ನೋಡಿದೆ. ಪೆಟ್ರೋಲ್ ಚೆನ್ನಾಗಿಯೇ ಬರುತ್ತಿತ್ತು; ಅದಕ್ಕೆ ಪ್ಲಗ್‌ಗಳೆಲ್ಲ ತೊಯ್ದು ಕೂತಿದ್ದವು. ಕಿಟ್ ಮಾರಿದವನನ್ನು ಮನಸ್ಸಿನಲ್ಲೇ ಬೈದೆ. ಪಾಪ, ಅವನ ತಪ್ಪು ಏನೂ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಿಸುವ ಚೋಕಿನ ಗುಂಡಿ ಎಳೆದು ಹಿಡಿದು ನಾಲ್ಕಾರು ಸಲ ಸೆಲ್ಫ್ ಹೊಡೆದೆ. ಗುಂಡಿ ಬೆರಳಿಗೆ ಬಿಸಿಯಾಗಿ ತಾಕಿತು. ಬಿಸಿಲಿಗೆ ಕಾದಿರಬೇಕೆಂದುಕೊಂಡೆ, ಗಾಡಿ ಇದ್ದದ್ದು ನೆರಳಿನಲ್ಲಿ. ಬಾನೆಟ್ ಎತ್ತಿ ನೋಡಿದರೆ ಚೋಕ್ ತಂತಿಯ ಮೇಲಿನ ಪ್ಲಾಸ್ಟಿಕ್ ಕವಚ ಒಂದು ಕಡೆ ಮೆತ್ತಗಾಗಿ ಜೋತುಬಿದ್ದಿತ್ತು, ಸುಟ್ಟ ವಾಸನೆ ಬೇರೆ.

ಕೌಲ್ ಬಜಾರಿನಲ್ಲಿ ಅಪ್ಪನ ಕಾಲದಿಂದ ಈ ಗಾಡಿ ನೋಡುತ್ತಿದ್ದ ಚಾಚಾಗೆ ಫೋನ್ ಮಾಡಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಬಣ್ಣ ಹೊಡೆಸಿದ ಮೇಲೆ ಅರ್ತ್ ಪಟ್ಟಿ ಎಲ್ಲಿ ಕಟ್ಟಿದೆ, ತಮ್ಮಾ?"

ಬಣ್ಣದ ಮೇಲೆಯೇ ಕಟ್ಟಿದ್ದೆ! ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಸೆಲ್ಫ್ ಎಳೆಯುವ ಕರೆಂಟೆಲ್ಲ ಕಾರಿನ ಮೈಗೆ ಮರಳಿ ಬರಬೇಕಾದ ದಾರಿ ಆ ಹೆಣೆದ ತಾಮ್ರದ ಪಟ್ಟಿ. ಅದರ ಬಾಯಿಗೆ ಬಣ್ಣದ ಪದರ ಅಡ್ಡ ಬಂದಾಗ ಕರೆಂಟ್ ಬೇರೆ ದಾರಿ ಹುಡುಕಿದೆ; ಕಾರ್ಬ್ಯುರೇಟರಿನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಚೋಕ್ ತಂತಿ ಸಿಕ್ಕಿದೆ. ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಹಿಡಿದು ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು ಮೂರು ದಾಟಿತು. ಹೊಸ ಕಿಟ್‌ಗೂ ಅರ್ತ್ ಸಿಗುವುದು ಡೆಲ್ಕೋದ ಮೂಲಕ ಎಂಜಿನ್ನಿನಿಂದಲೇ. ಹಳೆಯ ಪಾಯಿಂಟ್ ಆಗಿದ್ದರೆ ಕುಂಟುತ್ತಾದರೂ ಕಿಡಿ ಕೊಡುತ್ತಿತ್ತೇನೋ. ಎಲೆಕ್ಟ್ರಾನಿಕ್ ಕಿಟ್‌ಗೆ ವೋಲ್ಟೇಜ್ ಸಾಲದಿದ್ದರೆ ಅದು ತೆಪ್ಪಗೆ ಕೂತುಬಿಡುತ್ತದೆ.

ಉಪ್ಪುಕಾಗದದಿಂದ ಲೋಹ ಮಿನುಗುವವರೆಗೆ ಉಜ್ಜಿ ಪಟ್ಟಿ ಬಿಗಿದೆ. ಸೆಲ್ಫ್ ಈಗ ಗಿರ್ರನೆ ತಿರುಗಿತು. ಒಂದು ಪ್ಲಗ್ ಬಿಚ್ಚಿ, ಪೆಟ್ರೋಲ್ ವಾಸನೆ ಇಲ್ಲದ ಕಡೆ ಬ್ಲಾಕಿಗೆ ಒತ್ತಿಟ್ಟು ನೋಡಿದರೆ ನೀಲಿ ಕಿಡಿ. ಹಿಂದೆ ಚಾಚಾ ಪ್ಲಗ್ ವೈರನ್ನು ಗಾಳಿಯಲ್ಲಿ ಹಿಡಿದು ಚಟಚಟ ಎನಿಸಿ ತೋರಿಸುತ್ತಿದ್ದರು. ಎಲೆಕ್ಟ್ರಾನಿಕ್ ಕಿಟ್ ಇರುವಾಗ ಅದು ಬೇಡ, ಕಿಟ್ಟೇ ಸುಟ್ಟೀತು.

ಒಣಗಿಸಿದ ಪ್ಲಗ್ ಹಾಕಿ ಮತ್ತೆ ಹೊಡೆದೆ. "ಡಬ್!" ಕಾರ್ಬ್ಯುರೇಟರಿನ ಬಾಯಿಂದ ಬೆಂಕಿಯ ಉಗುಳು. ಮಗ ಎರಡು ಮಾರು ಹಿಂದಕ್ಕೆ ಹಾರಿದ.

ಕಿಡಿ ಇದೆ, ಪೆಟ್ರೋಲ್ ಇದೆ, ಬೆಂಕಿ ತಪ್ಪು ಹೊತ್ತಿನಲ್ಲಿ ಬೀಳುತ್ತಿದೆ. ಆಗ ಕೂತು ಯೋಚಿಸಿದೆ. ಹಳೆಯದಾಗಿದ್ದು ಕೆಟ್ಟಿರಬಹುದಾದದ್ದನ್ನೆಲ್ಲ ಬಿಟ್ಟು, ನಾನೇ ಕೈ ಹಾಕಿದ್ದನ್ನಷ್ಟೇ ಲೆಕ್ಕ ಹಾಕಿದರೆ ಉಳಿದದ್ದು ಡೆಲ್ಕೋ. ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಇಗ್ನಿಷನ್ ಬಂದ್ ಮಾಡಿ, ಗಾಡಿಯನ್ನು ಟಾಪ್ ಗೇರಿಗೆ ಹಾಕಿದೆ. ಮಗ ಹಿಂದಿನಿಂದ ಇಷ್ಟಿಷ್ಟೇ ತಳ್ಳಿದ. ನಾನು ಒಂದನೆಯ ಸಿಲಿಂಡರಿನ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಗಾಳಿ ಬೆರಳನ್ನು ಪುಸ್ಸೆಂದು ತಳ್ಳಿದಾಗ, ಪಿಸ್ಟನ್ ಮೇಲೆ ಬಂದದ್ದನ್ನು ತೋರಿಸುವ ಪುಲ್ಲಿಯ ಗುರುತು ಕೂಡುವವರೆಗೆ ತಳ್ಳಿಸಿ ನಿಲ್ಲಿಸಿದೆ. ಡೆಲ್ಕೋ ಮುಚ್ಚಳ ತೆಗೆದರೆ ಒಳಗೆ ತಿರುಗುತ್ತ ಕಿಡಿ ಹಂಚುವ ರೋಟರ್ ನಾಲ್ಕನೆಯ ವೈರಿನತ್ತ ಮುಖ ಮಾಡಿ ನಿಂತಿತ್ತು.

ಒಂದು ಮತ್ತು ನಾಲ್ಕನೆಯ ಪಿಸ್ಟನ್‌ಗಳು ಜೊತೆಯಾಗಿಯೇ ಮೇಲೇರುತ್ತವೆ. ಒಂದು ಮಿಶ್ರಣವನ್ನು ಅದುಮುವಾಗ ಇನ್ನೊಂದು ಹೊಗೆ ಹೊರಹಾಕುತ್ತಿರುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಡೆಲ್ಕೋ ಒಂದೇ ಸುತ್ತು. ಪುಲ್ಲಿಯ ಗುರುತೊಂದನ್ನೇ ನಂಬಿ ಕೂರಿಸಿದ ನಾನು ಅರ್ಧ ಸುತ್ತು ತಪ್ಪಿದ್ದೆ. ಈ ಎಂಜಿನ್ನಿನ ಸಿಲಿಂಡರುಗಳಿಗೆ ಕಿಡಿ ಬೀಳುವ ಕ್ರಮ 1-3-4-2. ಮುಚ್ಚಳದಲ್ಲಿ ಒಂದಕ್ಕೆ ಎದುರು ನಾಲ್ಕು, ಮೂರಕ್ಕೆ ಎದುರು ಎರಡು. ಪ್ರತಿ ಜೋಡಿಯೊಳಗಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೂ ಗಾಡಿ ಓಡುತ್ತದೆ. ಆದರೆ ಮುಂದೆ ಬಿಚ್ಚುವವನಿಗೆ ಅದು ಮೋಸ. ಡೆಲ್ಕೋವನ್ನೇ ಎತ್ತಿ ಸರಿಯಾಗಿ ಕೂರಿಸಿದೆ.

ಅರ್ಧ ಸೆಲ್ಫಿಗೇ ಎಂಜಿನ್ ಎದ್ದಿತು.

ಸಂಜೆ ಕಿಡಿಯ ಹೊತ್ತು ಸರಿಯಿದೆಯೇ ಎಂದು ನೋಡುವ ಟೈಮಿಂಗ್ ಲೈಟ್ ಹಿಡಿಯಲು ಚಾಚಾ ಬಂದರು, ಮಿರ್ಚಿ ಬಜ್ಜಿಯ ಪೊಟ್ಟಣದ ಸಮೇತ. ಪದ್ಮಿನಿಯ ಚೋಕ್ ತಂತಿ ಊರಿನಲ್ಲಿ ಎಲ್ಲೂ ಸಿಗಲಿಲ್ಲ. ಅವರು ಒಂದು ಸ್ಕೂಟರಿನ ಕ್ಲಚ್ ತಂತಿಯನ್ನು ಅಳತೆಗೆ ಕತ್ತರಿಸಿ ಹಾಕಿಕೊಟ್ಟರು. ಗುಂಡಿ ಈಗ ಒಂದು ಬೆರಳಿನಷ್ಟು ಹೆಚ್ಚು ಹೊರಗೆ ಬರುತ್ತದೆ. ಕಿತ್ತ ಪಾಯಿಂಟ್ ಮತ್ತು ಕಂಡೆನ್ಸರನ್ನು ಅವರೇ ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿಟ್ಟು ಹೋದರು.